ಓದುಗರ ಪ್ರಶ್ನೆಗಳಿಗೆ ಉತ್ತರ: ಅನುದಾನದ ಅರ್ಜಿಯಲ್ಲಿ ಕಡಿಮೆ ಆದಾಯದವರ ಲೆಕ್ಕ

ಪ್ರಶ್ನೆ: ಅಮೆರಿಕದ ಓಹಿಯೊ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ ನೆಲೆಸಿದ್ದು, ಇಲ್ಲಿನ ಪುರಸಭೆಯ ನೀರು ಸರಬರಾಜು ಸಮಿತಿಯ ಸದಸ್ಯನಾಗಿದ್ದೇನೆ. ಹಳೆಯ ಬಡಾವಣೆಯೊಂದರಲ್ಲಿ ತುಕ್ಕು ಹಿಡಿದ ಕೊಳವೆಗಳನ್ನು ಬದಲಿಸಲು ‘ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್’ (ಸಮುದಾಯ ಅಭಿವೃದ್ಧಿಗೆಂದು ಫೆಡರಲ್ ಸರ್ಕಾರ ನೀಡುವ ಅನುದಾನ) ಕೇಳಬೇಕೆಂದಿದ್ದೇವೆ. ಫೆಡರಲ್ ಸರ್ಕಾರದ ಅಂಕಿ ಅಂಶಗಳಲ್ಲಿ ಈ ಪ್ರದೇಶದ ಕಡಿಮೆ ಆದಾಯದವರ ಪ್ರಮಾಣ ಶೇ 46 ಎಂದಿದೆ. ಬಡಾವಣೆಯವರು ಬಡವರೆಂಬುದು ಊರಿಗೆಲ್ಲ ಗೊತ್ತು. ಅದನ್ನು ಸಾಬೀತುಪಡಿಸುವುದು ಹೇಗೆ?

ಉತ್ತರ: 1974ರ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯ್ದೆಯಡಿ ದೊರೆಯುವ ಈ ಹಣದಲ್ಲಿ ಕನಿಷ್ಠ ಶೇ 70 ಭಾಗ ಕಡಿಮೆ ಮತ್ತು ಮಧ್ಯಮ ಆದಾಯದವರ ಉಪಯೋಗಕ್ಕೆ ಸಲ್ಲಬೇಕು. ಕುಟುಂಬದ ಆದಾಯವು ಆಯಾ ಪ್ರದೇಶದ ಮಧ್ಯಾಂಕ ಆದಾಯದ (ಅರ್ಧದಷ್ಟು ಕುಟುಂಬಗಳು ಇದಕ್ಕಿಂತ ಹೆಚ್ಚು, ಉಳಿದರ್ಧ ಕಡಿಮೆ ಗಳಿಸುವ ಮೊತ್ತ) ಶೇ 80ನ್ನು ಮೀರದವರು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತಾರೆ. ನೀರಿನ ಕೊಳವೆಯಂತೆ ಒಂದು ಪ್ರದೇಶದವರೆಲ್ಲರೂ ಬಳಸುವ ಕಾಮಗಾರಿಯಾದರೆ, ಆ ಪ್ರದೇಶವು ಮುಖ್ಯವಾಗಿ ವಸತಿ ಪ್ರದೇಶವಾಗಿರಬೇಕು ಮತ್ತು ನಿವಾಸಿಗಳಲ್ಲಿ ಕನಿಷ್ಠ ಶೇ 51 ಮಂದಿ ಈ ಗುಂಪಿನವರಾಗಿರಬೇಕು. ಊರಿಗೆಲ್ಲ ಗೊತ್ತಿದೆ ಎಂಬ ಮಾತು ಇಲ್ಲಿ ಸಲ್ಲದು, ಆದರೆ ಶೇ 46 ಎಂಬ ಅಂಕಿಯನ್ನು ನೋಡಿ ಕೈಚೆಲ್ಲಬೇಕಾಗಿಯೂ ಇಲ್ಲ.

ಮೊದಲು ಆ ಕೊಳವೆಯ ನೀರು ಯಾವ ಯಾವ ಮನೆಗೆ ಹೋಗುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ. ಫೆಡರಲ್ ಅಂಕಿಗಳು ಜನಗಣತಿಗಾಗಿ ಊರನ್ನು ವಿಂಗಡಿಸಿದ ಸಣ್ಣ ಪ್ರದೇಶಗಳ, ಅಂದರೆ ‘ಬ್ಲಾಕ್ ಗ್ರೂಪ್’ಗಳ ಗಡಿಗಳನ್ನು ಅನುಸರಿಸುತ್ತವೆ. ನಿಮ್ಮ ಕೊಳವೆ ಆ ಗಡಿಗಳನ್ನು ಕೇಳಿಕೊಂಡು ಹಾಕಿದ್ದಲ್ಲ. ಬೇರೆ ಕೊಳವೆಯಿಂದ ನೀರು ಪಡೆಯುವ ಅನುಕೂಲಸ್ಥರ ಹೊಸ ಬಡಾವಣೆಯೊಂದು ಅದೇ ಬ್ಲಾಕ್ ಗ್ರೂಪ್‌ನಲ್ಲಿ ಸೇರಿಕೊಂಡಿದ್ದರೆ ಪ್ರಮಾಣ ಇಳಿದು ಕಾಣುವುದು ಸಹಜ. ಇದಲ್ಲದೆ, ಆ ಅಂಕಿಗಳು ಮಾದರಿ ಸಮೀಕ್ಷೆಯಿಂದ ಬಂದವುಗಳಾದ್ದರಿಂದ ಸಣ್ಣ ಊರುಗಳ ಮಟ್ಟಿಗೆ ಅವುಗಳ ದೋಷದ ಅಂತರ ದೊಡ್ಡದಾಗಿರುತ್ತದೆ. ಆದರೆ ಒಂದು ಎಚ್ಚರಿಕೆ: ಮೊದಲು ಶೇ 51ನ್ನು ಮನಸ್ಸಿನಲ್ಲಿಟ್ಟುಕೊಂಡು, ಆಮೇಲೆ ಅದಕ್ಕೆ ತಕ್ಕಂತೆ ಗಡಿ ಎಳೆದ ನಕ್ಷೆಯನ್ನು ಪರಿಶೀಲಿಸುವ ಅಧಿಕಾರಿ ಒಂದೇ ನೋಟಕ್ಕೆ ಗುರುತಿಸುತ್ತಾನೆ. ಅಂಚಿನ ಬೀದಿಯೊಂದನ್ನು ಕೈಬಿಟ್ಟಿದ್ದರೆ ಎಂಜಿನಿಯರು ಅದಕ್ಕೆ ಕಾರಣವನ್ನು ಬರೆದು ಸಹಿ ಹಾಕಿರಬೇಕು.

ಗಡಿ ಹೊಂದಿಕೆಯಾಗದಿದ್ದಾಗ ಆದಾಯ ಸಮೀಕ್ಷೆ ನಡೆಸಲು ಅವಕಾಶವಿದೆ. ನಿಮ್ಮಂಥ ಸಣ್ಣ ಊರುಗಳಿಗೆ ಹಣ ಸಾಮಾನ್ಯವಾಗಿ ರಾಜ್ಯದ ಮೂಲಕ ಬರುವುದರಿಂದ, ನಮೂನೆ ಮತ್ತು ವಿಧಾನಕ್ಕೆ ರಾಜ್ಯದ ಕಚೇರಿಯ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಎಲ್ಲ ಮನೆಗಳಿಗೂ ಹೋಗಲಾಗದಿದ್ದರೆ ಯಾದೃಚ್ಛಿಕವಾಗಿ ಮನೆಗಳನ್ನು ಆರಿಸಿ, ಬಾಗಿಲು ತೆರೆಯದ ಮನೆಗೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ಹಗಲು ಸಿಕ್ಕವರಷ್ಟನ್ನೇ ಲೆಕ್ಕಕ್ಕೆ ಹಿಡಿದರೆ ಎರಡು ಪಾಳಿ ದುಡಿಯುವವರು ಬಿಟ್ಟುಹೋಗುತ್ತಾರೆ, ಅವರೇ ನಿಮ್ಮ ಅರ್ಜಿಗೆ ಬೇಕಾದವರು. ‘ನಿಮ್ಮ ಆದಾಯ ಎಷ್ಟು’ ಎಂದು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದರ ಬದಲು, ಮನೆಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿದುಕೊಂಡು, ಅಷ್ಟು ಜನರ ಕುಟುಂಬಕ್ಕೆ ಆ ವರ್ಷ ನಿಗದಿಯಾದ ಮಿತಿಯನ್ನು ತೋರಿಸಿ, ಆದಾಯ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಕೇಳಿ. ‘ಕಡಿಮೆ ಎಂದು ಹೇಳಿದರೆ ಹೊಸ ಕೊಳವೆ ಬರುತ್ತದೆ’ ಎಂಬ ಒಂದು ಮಾತು ಸಾಕು, ಇಡೀ ಸಮೀಕ್ಷೆ ಕೆಡುತ್ತದೆ.

ಇನ್ನು, ಲೆಕ್ಕ ಹಾಕಬೇಕಾದದ್ದು ಜನರನ್ನು, ಮನೆಗಳನ್ನಲ್ಲ. ಉದಾಹರಣೆಗೆ, ಹತ್ತು ಮನೆಗಳಲ್ಲಿ ಐದು ಮಿತಿಯೊಳಗಿದ್ದು ಅಲ್ಲಿ ತಲಾ ಐದು ಜನರಿದ್ದಾರೆ, ಉಳಿದ ಐದು ಮನೆಗಳಲ್ಲಿ ತಲಾ ಇಬ್ಬರಿದ್ದಾರೆ ಎನ್ನಿ. ಮನೆ ಲೆಕ್ಕದಲ್ಲಿ ಶೇ 50 ಬಂದು ಅರ್ಜಿ ಬೀಳುತ್ತದೆ. ಜನರ ಲೆಕ್ಕದಲ್ಲಿ 35 ಮಂದಿಯಲ್ಲಿ 25 ಮಂದಿ, ಅಂದರೆ ಶೇ 71 ದಾಟುತ್ತದೆ. ಒಬ್ಬಂಟಿ ವೃದ್ಧರೇ ಹೆಚ್ಚಿರುವ ಬೀದಿಗಳಲ್ಲಿ ಇದೇ ಲೆಕ್ಕ ನಿಮಗೆ ಮುಳುವಾಗಬಹುದೆಂಬುದನ್ನೂ ಮರೆಯಬೇಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಾವು ಕೆಲವು ಕನ್ನಡಿಗರು ವೃದ್ಧರಿಗಾಗಿ ವಾರಕ್ಕೊಮ್ಮೆ ಊಟ ಮತ್ತು ಒಡನಾಟದ ಕೂಟ ನಡೆಸುತ್ತೇವೆ. ನಗರಾಡಳಿತ ಇದೇ ಅನುದಾನದಿಂದ ನೆರವು ನೀಡಲು ಮುಂದೆ ಬಂದಿದೆ. ಮಗನ ಮನೆಯಲ್ಲಿರುವ ಹಿರಿಯರಿಗೆ ಆದಾಯದ ಕಾಗದ ತೋರಿಸಲು ಸಂಕೋಚ. ಏನು ಮಾಡಬೇಕು?

ಉತ್ತರ: ತೋರಿಸಬೇಕಾಗಿಲ್ಲ. ವೃದ್ಧರು, ವಸತಿಹೀನರು, ತೀವ್ರ ಅಂಗವೈಕಲ್ಯವುಳ್ಳ ವಯಸ್ಕರು, ವಲಸೆ ಕೃಷಿ ಕಾರ್ಮಿಕರು ಮುಂತಾದ ಕೆಲವು ಗುಂಪುಗಳವರನ್ನು ಕಡಿಮೆ ಆದಾಯದವರೆಂದೇ ನಿಯಮಗಳು ಭಾವಿಸುತ್ತವೆ. ಆದರೆ ಸೇವೆ ಆ ಗುಂಪಿಗೇ ಮೀಸಲಾಗಿರಬೇಕು. ಕೂಟಕ್ಕೆ ಮಗ, ಸೊಸೆ, ಮೊಮ್ಮಕ್ಕಳೆಲ್ಲ ಬಂದು ಊಟ ಮಾಡುವುದಾದರೆ ಈ ವಿನಾಯಿತಿ ಕೈತಪ್ಪಿ, ಬಂದವರಲ್ಲಿ ಶೇ 51 ಮಂದಿಯ ಆದಾಯವನ್ನು ತೋರಿಸುವ ಹೊರೆ ನಿಮ್ಮ ಮೇಲೆ ಬೀಳಬಹುದು. ಎಷ್ಟು ವಯಸ್ಸಿನವರನ್ನು ವೃದ್ಧರೆಂದು ಪರಿಗಣಿಸಲಾಗುತ್ತದೆ ಎಂಬುದನ್ನು ನಗರದ ಕಚೇರಿಯಿಂದ ಬರವಣಿಗೆಯಲ್ಲಿ ಪಡೆದು, ಹುಟ್ಟಿದ ವರ್ಷವಿರುವ ಹಾಜರಿ ಪುಸ್ತಕವನ್ನು ಮೊದಲ ದಿನದಿಂದಲೇ ಇಡಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನೂ ಹೇಳಬೇಕಾಗಿದೆ. 1974ರ ಕಾಯ್ದೆಯ 109ನೇ ಸೆಕ್ಷನ್ ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ, ಧರ್ಮ ಮತ್ತು ಲಿಂಗದ ಆಧಾರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಕೂಟದಲ್ಲಿ ಬಿಸಿಬೇಳೆಬಾತ್ ಬಡಿಸಿದರೆ ಯಾರ ಆಕ್ಷೇಪವೂ ಇರಲಾರದು, ಆದರೆ ಪಕ್ಕದ ಬೀದಿಯ ಮೆಕ್ಸಿಕನ್ ಅಜ್ಜಿ ಬಂದರೆ ಆಕೆಗೂ ಎಲೆ ಹಾಕಬೇಕು. ರಾಜ್ಯೋತ್ಸವದ ಖರ್ಚನ್ನು ಈ ಖಾತೆಗೆ ಸೇರಿಸಲೇಬೇಡಿ.

ಪ್ರಶ್ನೆ: ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇದೆ, ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರವಿದೆ. ಅಮೆರಿಕದಲ್ಲಿ ಅಂಥದ್ದೇನೂ ಇಲ್ಲವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಎಲ್ಲದಕ್ಕೂ ಸಲ್ಲುವ ಒಂದೇ ಕಾರ್ಡ್ ಇಲ್ಲ. ಆದರೆ ಅಷ್ಟೇ ಬಿಗಿಯಾದ ಅಥವಾ ಅದಕ್ಕಿಂತ ಬಿಗಿಯಾದ ಆದಾಯ ಮಿತಿಯಿರುವ ಇನ್ನೊಂದು ಸರ್ಕಾರಿ ಯೋಜನೆಗೆ ವ್ಯಕ್ತಿ ಅರ್ಹನೆಂದು ತೋರಿಸಿದರೆ ಈ ಅನುದಾನಕ್ಕೆ ಅದನ್ನೂ ಪುರಾವೆಯೆಂದು ಸ್ವೀಕರಿಸಬಹುದು. ತನ್ನ ಕುಟುಂಬದ ಆದಾಯ ಮಿತಿಯೊಳಗಿದೆ ಎಂದು ಫಲಾನುಭವಿಯೇ ಸಹಿ ಮಾಡಿದ, ಬೇಕೆಂದಾಗ ಪರಿಶೀಲಿಸಬಹುದಾದ ಹೇಳಿಕೆಗೂ ಅವಕಾಶವಿದೆ. ಅಂಥ ಹೇಳಿಕೆಯಲ್ಲಿ ಕುಟುಂಬದ ಸದಸ್ಯರ ಸಂಖ್ಯೆ, ಅದಕ್ಕೆ ಅನ್ವಯಿಸಿದ ಮಿತಿ, ಯಾವ ವರ್ಷದ ಮಿತಿ ಎಂಬುದು ಮತ್ತು ಸಹಿ ಮಾಡಿದ ತಾರೀಖು ನಮೂದಾಗಿರುವುದು ಒಳ್ಳೆಯದು. ಮಿತಿಗಳನ್ನು ಪ್ರತಿ ವರ್ಷವೂ ಹೊಸದಾಗಿ ಪ್ರಕಟಿಸುವುದರಿಂದ, ತಾರೀಖಿಲ್ಲದ ಹಾಳೆಯನ್ನು ಯಾವ ವರ್ಷದ ಮಿತಿಗೆ ಹೋಲಿಸಬೇಕೆಂದು ಲೆಕ್ಕಪರಿಶೋಧಕರಿಗೆ ತಿಳಿಯುವುದಿಲ್ಲ.