ಲೆವಿನಾಸ್ ಹೇಳುವ 'ಮುಖ'

ಫ್ರೆಂಚ್ ಯಹೂದಿ ತತ್ವಜ್ಞಾನಿ ಇಮ್ಯಾನುಯೆಲ್ ಲೆವಿನಾಸ್ ಹೇಳುವ 'ಮುಖ' ಅರ್ಥವಾಗುತ್ತಿಲ್ಲ, ಅವರ ಯಹೂದಿತನಕ್ಕೂ ನೀತಿಗೂ ಏನು ಸಂಬಂಧ ಅಂತ ಕೇಳಿದ್ದಿರಿ. ಮುಖ ಅಂದರೆ ಕಣ್ಣು, ಮೂಗು ಅಂತ ಓದಿಕೊಂಡಿದ್ದೀರಿ. ತೊಡಕು ಬಹುಶಃ ಅಲ್ಲೇ ಇದೆ. ಲೆವಿನಾಸ್‌ಗೆ ಅದು ಎದುರಿಗಿರುವವರು ನಮಗೆ ಹಾಕುವ ಅಪ್ಪಣೆ: 'ಕೊಲ್ಲಬೇಡ'. ಯಹೂದಿ ಧರ್ಮಗ್ರಂಥದ ಹತ್ತು ಆಜ್ಞೆಗಳಲ್ಲಿ ಒಂದು, ಅಲ್ವಾ? ನೀವು ಕೇಳಿದ ಸಂಬಂಧದ ಎಳೆ ಸಿಗುವುದು ಇಲ್ಲೇ.

ಅವರ ದೊಡ್ಡ ಪುಸ್ತಕ, 1961ರ 'ಟೋಟಾಲಿಟಿ ಅಂಡ್ ಇನ್ಫಿನಿಟಿ'ಯನ್ನು ಸದ್ಯ ಮುಚ್ಚಿಡಿ. ಮೊದಲು ಯಹೂದಿತನದ ಬಗ್ಗೆ ಅವರು ಬರೆದ ಪ್ರಬಂಧಗಳ ಸಂಕಲನ 'ಡಿಫಿಕಲ್ಟ್ ಫ್ರೀಡಮ್'ನಲ್ಲಿ ಬಾಬಿ ಎಂಬ ನಾಯಿಯ ಪುಟ್ಟ ಪ್ರಬಂಧ ಓದಿ. ನಾಜಿಗಳ ಸೆರೆಯಲ್ಲಿ ಲೆವಿನಾಸ್ ಮತ್ತು ಜೊತೆಗಿದ್ದ ಯಹೂದಿ ಕೈದಿಗಳನ್ನು ಸುತ್ತಲಿನವರು ಮನುಷ್ಯರಂತೆ ನೋಡುತ್ತಿರಲಿಲ್ಲ. ಸಂಜೆ ಕೆಲಸದಿಂದ ವಾಪಸ್ಸಾದಾಗ ಕುಣಿದು ಬೊಗಳಿ ಎದುರುಗೊಂಡಿದ್ದು ಎಲ್ಲಿಂದಲೋ ಬಂದ ಆ ನಾಯಿ. ಆಮೇಲೆ ಯಹೂದಿ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದ್ ಬಗ್ಗೆ ಅವರು ಕೊಟ್ಟ ಒಂದೆರಡು ಉಪನ್ಯಾಸ ಸಾಕು. ನಂತರ ದೊಡ್ಡ ಪುಸ್ತಕದ ಮೂರನೇ ಭಾಗಕ್ಕೆ ನೇರ ಹೋಗಿ.

ಎಲ್ಲವೂ ಧರ್ಮದಿಂದಲೇ ಬಂತು ಅಂತ ಮಾತ್ರ ಬರೆಯಬೇಡಿ. ತತ್ವಶಾಸ್ತ್ರವನ್ನೂ ಯಹೂದಿ ಬರಹಗಳನ್ನೂ ಅವರೇ ಬೇರೆ ಬೇರೆ ಪ್ರಕಾಶಕರಿಗೆ ಕೊಡುತ್ತಿದ್ದರು. ಧರ್ಮದಿಂದ ಎಷ್ಟು ಬಂತು ಅನ್ನೋದು ಇನ್ನೂ ಜಗಳದಲ್ಲೇ ಇದೆ.