ಹೊಟ್ಟೆ ಕರಗಿಸುವ ಶಸ್ತ್ರಚಿಕಿತ್ಸೆಯನ್ನು ಗುಟ್ಟಾಗಿ ಮಾಡಿಸಿಕೊಳ್ಳಲೇ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 44. ಇಬ್ಬರು ಮಕ್ಕಳು, ಮೊದಲನೆಯದು ಸಹಜ ಹೆರಿಗೆ, ಎರಡನೆಯದು ಸಿಸೇರಿಯನ್. ಮದುವೆಯ ವೇಳೆಗೆ 50 ಕಿಲೋ ಇದ್ದವಳು ಈಗ 68 ಕಿಲೋ ಇದ್ದೇನೆ. ಎತ್ತರ ಐದು ಅಡಿ ಎರಡು ಇಂಚು. ಹೊಟ್ಟೆ ಜೋತುಬಿದ್ದಿದೆ, ಎದೆ ಇಳಿದಿದೆ, ಕೂದಲು ತೆಳ್ಳಗಾಗಿದೆ. ಈಚೆಗೆ ಮೈದುನನ ಮನೆಯ ಗೃಹಪ್ರವೇಶದಲ್ಲಿ ಯಾರೋ ನಮ್ಮ ಮದುವೆಯ ಆಲ್ಬಮ್ ತೆರೆದಾಗ ನನ್ನ ಯಜಮಾನರು, ‘ಈ ಹುಡುಗಿ ಎಲ್ಲಿ ಹೋದಳೋ, ಯಾರಾದರೂ ಹುಡುಕಿಕೊಡಿ’ ಎಂದರು. ಎಲ್ಲರೂ ನಕ್ಕರು. ಅವರು ಕೆಟ್ಟವರಲ್ಲ. ಆದರೆ ಅಂದಿನಿಂದ ಅವರೆದುರು ಬಟ್ಟೆ ಬದಲಿಸುವುದನ್ನೂ ಅವರ ಹತ್ತಿರ ಹೋಗುವುದನ್ನೂ ಬಿಟ್ಟಿದ್ದೇನೆ. ‘ಬಾಣಂತನದಲ್ಲಿ ಸರಿಯಾಗಿ ಹೊಟ್ಟೆ ಕಟ್ಟಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬುದು ಅಮ್ಮನ ಮಾತು. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಓರಗಿತ್ತಿ ‘ಗರ್ಭಕೋಶ ತೆಗೆಸಿಬಿಡು, ಎಲ್ಲವೂ ಸರಿಹೋಗುತ್ತದೆ’ ಎನ್ನುತ್ತಾರೆ. ಮೈಸೂರಿನ ಒಂದು ಕೇಂದ್ರದಲ್ಲಿ ವಿಚಾರಿಸಿದಾಗ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆ ಮೊದಲಿನಂತಾಗುತ್ತದೆ ಎಂದರು. ಚೀಟಿ ಕಟ್ಟಿ ಕೂಡಿಸಿದ ಹಣ ಕೈಯಲ್ಲಿದೆ. ಬೇಸಿಗೆ ರಜೆಯಲ್ಲಿ, ತರಬೇತಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಮಾಡಿಸಿಕೊಂಡು ಬಂದುಬಿಡಲೇ? ಇನ್ನೊಂದು ವಿಷಯ, ಕೆಮ್ಮಿದಾಗ, ಸೀನಿದಾಗ ಸ್ವಲ್ಪ ಮೂತ್ರ ಹೋಗುತ್ತದೆ. ಅದಕ್ಕೆ ಪ್ಯಾಡ್ ಹಾಕಿಕೊಳ್ಳುತ್ತೇನೆ.
– ಹೆಸರು ಬೇಡ, ಮಂಡ್ಯ

ಉತ್ತರ: ತರಬೇತಿಯ ನೆಪ ಹೇಳಿ ಹೋಗಿ ಮಾಡಿಸಿಕೊಂಡು ಬರಬಹುದಾದ ಶಸ್ತ್ರಚಿಕಿತ್ಸೆ ಇದಲ್ಲ. ನಿಮ್ಮ ದುಡಿಮೆಯ ಹಣವನ್ನು ನಿಮ್ಮ ದೇಹಕ್ಕೆ ಖರ್ಚುಮಾಡುವ ಹಕ್ಕು ನಿಮಗಿಲ್ಲವೆಂದು ನಾನು ಹೇಳುತ್ತಿಲ್ಲ; ಖಂಡಿತವಾಗಿ ಇದೆ. ಆದರೆ ಹೊಟ್ಟೆಯ ಸಡಿಲ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಕತ್ತರಿಸಿ ತೆಗೆದು, ಅಗಲಿದ ಸ್ನಾಯುಗಳನ್ನು ಸೇರಿಸಿ ಹೊಲಿಯುವ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹಾಯುವ ಗಾಯದ ಗುರುತು ಜೀವನಪೂರ್ತಿ ಉಳಿಯುತ್ತದೆ. ಮೊದಲ ಕೆಲವು ದಿನ ನೆಟ್ಟಗೆ ನಿಲ್ಲಲಾಗದೆ ಬಾಗಿಯೇ ನಡೆಯಬೇಕು, ಒಳಗೆ ಸೇರುವ ದ್ರವ ಹೊರಬರಲು ಅನೇಕರಿಗೆ ಕೊಳವೆ ಇಟ್ಟಿರುತ್ತಾರೆ, ಸುಮಾರು ಆರು ವಾರ ತುಂಬಿದ ಬಿಂದಿಗೆಯನ್ನೂ ಎತ್ತುವಂತಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಸಾಗುವ ಅಪಾಯ ವಿರಳವಾದರೂ ನಿಜ, ಮತ್ತು ಅಂಥ ಹೊತ್ತಿನಲ್ಲಿ ನಿಮಗೆ ಏನು ಆಗಿದೆಯೆಂದು ಬಲ್ಲವರೊಬ್ಬರು ಪಕ್ಕದಲ್ಲಿರಲೇಬೇಕು. ಇದು ತೂಕ ಇಳಿಸುವ ಚಿಕಿತ್ಸೆಯೂ ಅಲ್ಲ. ಜವಾಬ್ದಾರಿಯುಳ್ಳ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಮೊದಲು ತೂಕ ಇಳಿಸಿ, ಅದು ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ ಬನ್ನಿ ಎನ್ನುತ್ತಾರೆ. ಕೊಬ್ಬನ್ನು ಹೀರಿ ತೆಗೆಯುವ ಇನ್ನೊಂದು ವಿಧಾನದಿಂದ ಚರ್ಮವೂ ಬಿಗಿಯಾಗುವುದಿಲ್ಲ, ಸ್ನಾಯುವೂ ಕೂಡುವುದಿಲ್ಲ. ಹೊಟ್ಟೆ ‘ಮೊದಲಿನಂತಾಗುತ್ತದೆ’ ಎಂದ ಕೇಂದ್ರದವರು ಇವುಗಳಲ್ಲಿ ಎಷ್ಟನ್ನು ತಾವಾಗಿಯೇ ನಿಮಗೆ ಹೇಳಿದರೆಂದು ನೆನಪು ಮಾಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮೊದಲು ಗಮನ ಕೊಡಬೇಕಾದದ್ದು ನೀವು ‘ಇನ್ನೊಂದು ವಿಷಯ’ ಎಂದು ಕೊನೆಗೆ ಸೇರಿಸಿದ ಸಾಲು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ ಅದೇ, ಮತ್ತು ಅದಕ್ಕೆ ಚೀಟಿಯ ಹಣ ಒಡೆಯಬೇಕಾಗಿಲ್ಲ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಪದರವೊಂದು ಸೊಂಟದ ಮೂಳೆಗಳ ನಡುವೆ ಇದೆ. ತೊಟ್ಟಿಲಾಗಿ ಕಟ್ಟಿದ ಸೀರೆಯಂತೆ ಅದು ಮೇಲಿನ ಭಾರವನ್ನು ತಾಳಿಕೊಂಡಿರುತ್ತದೆ. ಒಂಬತ್ತು ತಿಂಗಳ ಬಸಿರಿನ ಭಾರಕ್ಕೂ ಸಹಜ ಹೆರಿಗೆಯ ಎಳೆತಕ್ಕೂ ಅದು ಸಡಿಲಗೊಳ್ಳುತ್ತದೆ, ಎರಡನೆಯ ಹೆರಿಗೆ ಸಿಸೇರಿಯನ್ ಆದ ಮಾತ್ರಕ್ಕೆ ಮೊದಲಿನ ಸಡಿಲ ಹೋಗುವುದಿಲ್ಲ, ವಯಸ್ಸಿನೊಂದಿಗೆ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾದಾಗ ಆ ಭಾಗದ ಅಂಗಾಂಶಗಳು ಇನ್ನಷ್ಟು ತೆಳುವಾಗುತ್ತವೆ. ಆಗ ಕೆಮ್ಮು, ಸೀನು, ನಗೆ, ಮೆಟ್ಟಿಲು ಇಳಿಯುವಾಗಿನ ಕುಲುಕಾಟ ಯಾವುದರಿಂದಲಾದರೂ ಹೊಟ್ಟೆಯೊಳಗಿನ ಒತ್ತಡ ಏರಿದರೆ ಮೂತ್ರ ಸೋರುತ್ತದೆ.

ಇದಕ್ಕೆ ಮೊದಲ ಚಿಕಿತ್ಸೆ ಆ ಸ್ನಾಯುಗಳಿಗೇ ಕೊಡುವ ವ್ಯಾಯಾಮ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಕಟಿಸಿದ್ದರಿಂದ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಯೋಗದಲ್ಲಿ ಮೂಲಬಂಧವನ್ನು ಅಭ್ಯಾಸ ಮಾಡಿದವರಿಗೆ ಇದು ತೀರ ಹೊಸದೆನಿಸುವುದಿಲ್ಲ. ವಾಯು ಹೋಗದಂತೆಯೂ ಮೂತ್ರ ಬಾರದಂತೆಯೂ ಒಟ್ಟಿಗೆ ತಡೆಹಿಡಿಯುವಾಗ ಯಾವ ಸ್ನಾಯು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತದೆಯೋ ಅದನ್ನು ಬಿಗಿಹಿಡಿದು, ಐದು ಸೆಕೆಂಡು ನಿಲ್ಲಿಸಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು, ಹೊಟ್ಟೆಯನ್ನಾಗಲಿ ಪೃಷ್ಠವನ್ನಾಗಲಿ ಬಿಗಿಯಬಾರದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ. ರೂಢಿಯಾದಂತೆ ಹಿಡಿಯುವ ಹೊತ್ತನ್ನು ಹತ್ತು ಸೆಕೆಂಡಿಗೆ ಏರಿಸಬಹುದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದವರಿಗೆ ಮಾತ್ರ ಫಲ ತಿಳಿಯುತ್ತದೆ. ಹದಿನೈದು ದಿನ ಮಾಡಿ ಏನೂ ಆಗಲಿಲ್ಲವೆಂದು ಕೈಬಿಡುವವರೇ ಹೆಚ್ಚು. ತಪ್ಪು ಸ್ನಾಯುವನ್ನು ಬಿಗಿಯುತ್ತಾ ಕೂಡುವವರೂ ಇರುವುದರಿಂದ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಒಂದೆರಡು ಸಲ ತೋರಿಸಿಕೊಳ್ಳುವುದು ಒಳ್ಳೆಯದು. ಸೀನು ಬರುವ ಕ್ಷಣಕ್ಕೆ ಮೊದಲೇ ಆ ಸ್ನಾಯುವನ್ನು ಬಿಗಿಹಿಡಿಯುವ ಅಭ್ಯಾಸ ಮಾಡಿಕೊಂಡರೆ ತರಗತಿಯಲ್ಲಿ ನಿಂತಿರುವಾಗಲೂ ಉಪಯೋಗಕ್ಕೆ ಬರುತ್ತದೆ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ನೀರು ಕುಡಿಯದೆ ಇದ್ದುಬಿಡುವ ರೂಢಿ ನಮ್ಮ ಶಿಕ್ಷಕಿಯರಲ್ಲಿ ಬಹಳ. ಅನೇಕ ಶಾಲೆಗಳ ಶೌಚಾಲಯಗಳ ಸ್ಥಿತಿ ಬಲ್ಲವರು ಅವರನ್ನು ದೂರಲಾರರು. ಆದರೆ ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಬಂದು ತಿಣುಕುವುದರಿಂದ ಅದೇ ಸ್ನಾಯು ಮತ್ತಷ್ಟು ಸೋಲುತ್ತದೆ. ಮೂರು ತಿಂಗಳ ಮೇಲೂ ಸೋರುವುದು ನಿಲ್ಲದಿದ್ದರೆ, ಅಥವಾ ಕೆಳಗೆ ಏನೋ ಇಳಿದು ಬಂದಂತೆ ಅನಿಸುತ್ತಿದ್ದರೆ ಈಗಲೇ, ಸ್ತ್ರೀರೋಗ ತಜ್ಞರು ಪರೀಕ್ಷಿಸಬೇಕು. ಮುಂದಿನ ಚಿಕಿತ್ಸೆಗಳೂ ಇವೆ.

ಹೊಟ್ಟೆಯ ವಿಷಯದಲ್ಲಿ ತಾಯಿಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಳೆಯ ಸೀರೆಯಿಂದ ಬಾಣಂತಿಯ ಹೊಟ್ಟೆ ಬಿಗಿಯುವುದರಿಂದ ಬೆನ್ನಿಗೆ ಆಸರೆ ಸಿಕ್ಕಿ ಹಾಯೆನಿಸಬಹುದು, ಆದರೆ ಬಸಿರಿನಲ್ಲಿ ಹಿಗ್ಗಿದ ಸ್ನಾಯುವನ್ನು ಬಟ್ಟೆ ಕೂಡಿಸಲಾರದು. ಅತಿಯಾಗಿ ಬಿಗಿದರೆ ಒತ್ತಡವೆಲ್ಲ ಕೆಳಗಿನ ಸ್ನಾಯುಗಳ ಮೇಲೆಯೇ ಬೀಳುತ್ತದೆ. ಹೆರಿಗೆಯಾದ ಆರು ವಾರಗಳಲ್ಲಿ ಗರ್ಭಕೋಶ ಸುಮಾರು ಒಂದು ಕಿಲೋ ತೂಕದಿಂದ ನೂರು ಗ್ರಾಮಿಗಿಂತ ಕೆಳಕ್ಕೆ ತಾನಾಗಿಯೇ ಕುಗ್ಗುತ್ತದೆ, ಕಟ್ಟಿದರೂ ಕಟ್ಟದಿದ್ದರೂ. ಹೊಟ್ಟೆಯ ನಡುಗೆರೆಯ ಎರಡು ಬದಿಯ ಸ್ನಾಯುಗಳು ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಗಲುವುದು ಸಹಜ. ಕೆಲವರಲ್ಲಿ ಅವು ಪೂರ್ತಿ ಹತ್ತಿರ ಬರುವುದೇ ಇಲ್ಲ, ಆಗ ತೂಕ ಇಳಿದರೂ ಹೊಟ್ಟೆ ಮುಂದಕ್ಕೆ ನಿಂತಿರುತ್ತದೆ. ಅಂಗಾತ ಮಲಗಿ, ಮಂಡಿ ಮಡಿಸಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಬೆರಳುಗಳನ್ನು ಅಡ್ಡಲಾಗಿಟ್ಟು ತಲೆಯನ್ನು ಸ್ವಲ್ಪ ಎತ್ತಿ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಗಲದ ತಗ್ಗು ಸಿಕ್ಕರೆ ಫಿಸಿಯೋಥೆರಪಿಸ್ಟ್ ಬಳಿ ಅದನ್ನೂ ತೋರಿಸಿ. ಯೋಗಕ್ಕೆ ಹೆಸರಾದ ಮೈಸೂರಿನಲ್ಲಿ ತರಗತಿಗಳಿಗೇನೂ ಕೊರತೆಯಿಲ್ಲ, ಆದರೆ ಇಂಥ ತಗ್ಗು ಇರುವವರು ನೌಕಾಸನವನ್ನೂ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತುವ ಆಸನಗಳನ್ನೂ ಮೊದಲ ದಿನವೇ ಮಾಡಹೊರಟರೆ ಹೊಟ್ಟೆಯ ನಡುಭಾಗ ಏಣಿನಂತೆ ಉಬ್ಬುತ್ತದೆ. ಹಾಗೆ ಉಬ್ಬಿದರೆ ಆ ಆಸನ ಸದ್ಯಕ್ಕೆ ನಿಮ್ಮದಲ್ಲ.

ಓರಗಿತ್ತಿಯವರ ಸಲಹೆಯನ್ನು ಮಾತ್ರ ನಾನು ಕಟುವಾಗಿಯೇ ತಳ್ಳಿಹಾಕುತ್ತೇನೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅದಕ್ಕೆ ಮೊದಲಿನ ಕೆಲವು ವರ್ಷ ಮುಟ್ಟು ಹಿಂದುಮುಂದಾಗುವುದು, ನಿದ್ದೆ ಕೆಡುವುದು, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಸೊಂಟ ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬಂದು ಸೇರುವುದು, ಇವೆಲ್ಲ ಆ ದಾರಿಯಲ್ಲಿಯೇ ಬರುವಂಥವು. ಗರ್ಭಕೋಶ ತೆಗೆಸಿದರೆ ಹೊಟ್ಟೆ ಕರಗುವುದಿಲ್ಲ, ಮೂತ್ರ ಸೋರುವುದೂ ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಹಲವು ವರ್ಷಗಳಲ್ಲಿ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿ, ಮೂಳೆ ಸವೆತವೂ ಹೃದ್ರೋಗದ ಅಪಾಯವೂ ಬೇಗ ಬರುತ್ತವೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವಾಗಿನ ತೊಂದರೆಗಳು ಕೆಲವರಿಗೆ ಮುಂಚೆಯೇ ಶುರುವಾಗುತ್ತವೆ. ಹಾಗೆಂದು ಏರುಪೇರನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುವುದೂ ಸಲ್ಲದು. ಸ್ಕ್ಯಾನಿಂಗ್, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳು ಆಗಬೇಕು, ವೈದ್ಯರಿಗೆ ಅಗತ್ಯವೆನಿಸಿದರೆ ಗರ್ಭಕೋಶದ ಒಳಪದರದ ಮಾದರಿಯನ್ನೂ ಪರೀಕ್ಷಿಸುತ್ತಾರೆ. ಮಾತ್ರೆಗಳಿಂದಲೋ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಬಿಡುಗಡೆ ಮಾಡುವ ವಂಕಿಯಿಂದಲೋ ಬಹಳ ಮಂದಿಯ ಅತಿಸ್ರಾವ ಹತೋಟಿಗೆ ಬರುತ್ತದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೂ ಸ್ತ್ರೀರೋಗ ವಿಭಾಗಗಳಿವೆ. ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಎದೆ ಇಳಿಯುವುದಕ್ಕೆ ಬಸಿರು, ವಯಸ್ಸು, ತೂಕದ ಏರಿಳಿತ ಕಾರಣವೇ ಹೊರತು ಹಾಲೂಡಿಸಿದ್ದಲ್ಲ. ಹೊಟ್ಟೆಯ ಮೇಲಿನ ಗೆರೆಗಳು ಮಾಸುತ್ತವೆ, ಅಳಿಯುವುದಿಲ್ಲ. ಅದಕ್ಕೆಂದು ಮಾರುವ ಎಣ್ಣೆ, ಕ್ರೀಮುಗಳಿಗೆ ಹಣ ಸುರಿಯಬೇಡಿ. ಹೆರಿಗೆಯ ನಂತರ ಉದುರುವ ಕೂದಲು ಸಾಮಾನ್ಯವಾಗಿ ವರ್ಷದೊಳಗೆ ಮರಳುತ್ತದೆ, ಆದ್ದರಿಂದ ಈಗಿನದಕ್ಕೆ ಕಾರಣ ಬೇರೆ ಇರಬೇಕು: ರಕ್ತಹೀನತೆ, ಥೈರಾಯ್ಡ್ ಅಥವಾ ವಯಸ್ಸು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ.

ತೂಕದ ಬಗ್ಗೆ ನಿಮಗೆ ಸಮಾಧಾನದ ಮಾತು ಹೇಳಿ ಕಳಿಸಲಾರೆ, ಏಕೆಂದರೆ ಅಲ್ಲಿ ಪ್ರಶ್ನೆ ಅಂದದ್ದಲ್ಲ. ನಿಮ್ಮ ಎತ್ತರಕ್ಕೆ 68 ಕಿಲೋ ಎಂದರೆ ದೇಹತೂಕ ಸೂಚ್ಯಂಕ 27ರ ಮೇಲಾಗುತ್ತದೆ. ಭಾರತೀಯರಿಗೆ 23 ದಾಟಿದರೇ ಎಚ್ಚರಿಕೆ ಬೇಕೆನ್ನುತ್ತಾರೆ, ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದೆನ್ನುತ್ತಾರೆ. ಬಸಿರಿನಲ್ಲಿ ಸಕ್ಕರೆ ಅಂಶ ಏರಿತ್ತಾದರೆ ಮಧುಮೇಹದ ಪರೀಕ್ಷೆ ನಿಮಗೆ ವರ್ಷ ವರ್ಷವೂ ಬೇಕು. ಆದರೆ 50 ಕಿಲೋಗೆ ಮರಳುವ ಗುರಿ ಬೇಡ. ನಾಲ್ಕೈದು ಕಿಲೋ ಇಳಿದರೂ ರಕ್ತದ ಸಕ್ಕರೆಗೂ ಮೂತ್ರ ಸೋರುವ ತೊಂದರೆಗೂ ಗೊತ್ತಾಗುವಷ್ಟು ವ್ಯತ್ಯಾಸ ಕಾಣುತ್ತದೆ. ಮುದ್ದೆಯನ್ನು ಬಿಡಬೇಡಿ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುವುದರಿಂದ ನಿಮಗೆ ಅದು ಬೇಕೇ ಬೇಕು. ಮುದ್ದೆಯ ಮೇಲೆ ಮತ್ತೆ ಬಡಿಸಿಕೊಳ್ಳುವ ಅನ್ನವನ್ನು ಕಡಿಮೆ ಮಾಡಿ, ಹುರುಳಿಕಾಳು, ಬಸ್ಸಾರಿನ ಕಾಳು ಸೊಪ್ಪು, ಮೊಟ್ಟೆ, ಮೊಸರು ಹೆಚ್ಚಿಸಿ. ಬೆಲ್ಲ ಹಾಕಿದರೆ ಸಕ್ಕರೆ ತಿಂದಂತಲ್ಲ ಎಂಬ ನಂಬಿಕೆ ಮಂಡ್ಯ ಸೀಮೆಯವರಾದ ನಮ್ಮೆಲ್ಲರದ್ದು, ಆದರೆ ದೇಹ ಅದನ್ನು ಒಪ್ಪುವುದಿಲ್ಲ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಇರಲಿ, ಏಕೆಂದರೆ ವಯಸ್ಸಿನೊಂದಿಗೆ ಸ್ನಾಯು ಕರಗುವುದನ್ನು ನಡಿಗೆಯೊಂದೇ ತಡೆಯಲಾರದು.

ಇನ್ನು ನಿಮ್ಮ ಯಜಮಾನರು. ಅವರು ಕೆಟ್ಟವರಲ್ಲವೆಂದು ನೀವೇ ಬರೆದಿದ್ದೀರಿ, ನಾನು ನಂಬುತ್ತೇನೆ. ಆದರೂ ನೆಂಟರೆದುರು ಆಡಿದ ಆ ಮಾತು ಒಳ್ಳೆಯದಾಗಿರಲಿಲ್ಲ. ಅದೇ ಆಲ್ಬಮ್ಮಿನಲ್ಲಿ ಅವರ ಪಟವೂ ಇರುತ್ತದಲ್ಲ, ಆ ಹುಡುಗನನ್ನು ಹುಡುಕಿಕೊಡಿ ಎಂದು ಯಾರೂ ಕೇಳಲಿಲ್ಲ. ನೀವು ದೂರ ಸರಿದಿರುವುದಕ್ಕೆ ಕಾರಣ ಅವರಿಗೆ ತಿಳಿದಿರಲಾರದು. ಕೋಪವೋ, ಬೇಸರವೋ, ವಯಸ್ಸೋ ಎಂದು ತಮ್ಮಷ್ಟಕ್ಕೆ ಏನನ್ನೋ ಊಹಿಸಿಕೊಂಡಿರುತ್ತಾರೆ. ಮಕ್ಕಳು ಟ್ಯೂಷನ್ನಿಗೆ ಹೋದ ಹೊತ್ತಿನಲ್ಲಿ ಇಬ್ಬರೇ ಕುಳಿತು, ‘ಅಂದು ನೀವು ಎಲ್ಲರೆದುರು ಹಾಗೆಂದದ್ದು ನನಗೆ ಬಹಳ ನೋವಾಯಿತು, ಇನ್ನೊಮ್ಮೆ ಹಾಗೆ ಅನ್ನಬೇಡಿ’ ಎಂದು ನೇರವಾಗಿ ಹೇಳಿ. ಹಳೆಯ ಲೆಕ್ಕಗಳನ್ನು ಅದರೊಂದಿಗೆ ತೆಗೆಯಬೇಡಿ. ಮೂತ್ರದ ತೊಂದರೆಯನ್ನೂ ತಿಳಿಸಿ, ವೈದ್ಯರಲ್ಲಿಗೆ ಜೊತೆಯಲ್ಲಿ ಬರಲು ಕೇಳಿ. ಹತ್ತಿರ ಹೋಗಲು ಹಿಂಜರಿಕೆಯ ಜೊತೆಗೆ ನೋವೂ ಕಾರಣವಾಗಿದ್ದರೆ, ಈ ವಯಸ್ಸಿನಲ್ಲಿ ಯೋನಿಯ ಒಣಗುವಿಕೆ ಸಾಮಾನ್ಯವೆಂದೂ ಜಾರುಕ ಜೆಲ್, ವೈದ್ಯರು ಬರೆದುಕೊಡುವ ಹಾರ್ಮೋನು ಕ್ರೀಮುಗಳಿಂದ ಅದು ಸರಿಹೋಗುವುದೆಂದೂ ತಿಳಿದಿರಿ, ಕೇಳಲು ಸಂಕೋಚಪಡಬೇಡಿ.

ಚೀಟಿಯ ಹಣ ಬ್ಯಾಂಕಿನಲ್ಲಿರಲಿ. ಒಂದು ವರ್ಷ ಕಳೆದು, ಮುಟ್ಟಿನ ತೊಂದರೆಗೆ ಕಾರಣ ತಿಳಿದು, ತೂಕ ಒಂದು ಹಂತದಲ್ಲಿ ನಿಂತ ಮೇಲೆಯೂ ಹೊಟ್ಟೆಯ ಚರ್ಮ ನಿಮ್ಮನ್ನು ಕಾಡುತ್ತಿದ್ದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರನ್ನು, ಮನೆಯವರಿಗೆ ತಿಳಿಸಿಯೇ, ಕಂಡು ಮಾತಾಡಿ. ಆಗ ಮಾಡಿಸಿಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಸದ್ಯಕ್ಕೆ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು, ಪ್ರತಿ ಸಲ ಎಷ್ಟು ದಿನ ಹೋಯಿತೆಂಬುದನ್ನು, ಯಾವಾಗ ಮೂತ್ರ ಸೋರುತ್ತದೆಂಬುದನ್ನು ಕಾಗದದಲ್ಲಿ ಬರೆದುಕೊಂಡು ಈ ತಿಂಗಳಲ್ಲೇ ಸ್ತ್ರೀರೋಗ ತಜ್ಞರನ್ನು ಕಾಣಿ. ಗಂಟೆಗೊಂದು ಪ್ಯಾಡ್ ತೋಯುವಷ್ಟು ಸ್ರಾವವಾದರೆ, ತಲೆಸುತ್ತು ಬಂದರೆ, ಅಥವಾ ಗಂಡನೊಡನೆ ಕೂಡಿದ ನಂತರ ರಕ್ತ ಕಂಡರೆ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.