ಗೆಳೆಯನ ನೆನಪಿಗೆ ಅವನ ಹಗ್ಗದಲ್ಲೇ ಒಮ್ಮೆ ಬಂಡೆ ಹತ್ತಬಹುದಾ?

ಜೊತೆಗೆ ಬಂಡೆ ಹತ್ತುತ್ತಿದ್ದ ಗೆಳೆಯ ತೀರಿಕೊಂಡ, ಅವನ ಹಗ್ಗ ನನ್ನ ಹತ್ತಿರ ಇದೆ, ನೆನಪಿಗೆ ಅಂತ ಅದರಲ್ಲೇ ಒಮ್ಮೆ ಹತ್ತಲಾ ಅಂತ ಕೇಳಿದ್ದೀರಿ. ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನನ್ನ ದೋಸ್ತನ ವಿಷಯ.

ನಾವಿಬ್ಬರೂ ಹುಬ್ಬಳ್ಳಿಯವರು. ಅವನು ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್. ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳಿಯೋದು, ರಜೆ ಸಿಕ್ಕಿತು ಅಂದರೆ ಗದಗ ಮೇಲೆ ಹೋಗುವ ರೈಲು ಹಿಡಿದು ಬಾದಾಮಿ. ಅಲ್ಲಿ ಸ್ಟೇಷನ್‌ನಿಂದ ಊರು 5 ಕಿಲೋಮೀಟರ್. 60 ಮೀಟರ್ ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರೆ, "ಬಾವಿ ತೋಡಾಕ ಬಂದೀರೇನ್ರೀ?" ಅಂತ ಟಾಂಗಾದವರು ಕೇಳುತ್ತಿದ್ದರು. ಇವನು ಗಂಭೀರವಾಗಿ "ಹೌದ್ರಿ, ನೀರ ಎಲ್ಲೈತಿ?" ಅನ್ನುತ್ತಿದ್ದ.

ಅವನದೊಂದು ಚಾಳಿ ಇತ್ತು. ನಾನು ಸೊಂಟಕ್ಕೂ ತೊಡೆಗೂ ಬಿಗಿಯುವ ನೇಯ್ದ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ ಹಗ್ಗ ಕಟ್ಟಿಕೊಂಡ ಮೇಲೆ ಹತ್ತಿರ ಬಂದು, ಗಂಟಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದ. ನಾವು ಹಾಕೋದು ಎಂಟರ ಆಕಾರದ ಗಂಟು. ಸರಿಯಾಗಿ ಬಿದ್ದಿದ್ದರೆ ಹಗ್ಗದ ಎಳೆಗಳು ಐದು ಕಡೆ ಜೋಡಿ ಜೋಡಿಯಾಗಿ ಕಾಣುತ್ತವೆ. "ಒಂದ, ಎರಡ, ಮೂರ, ನಾಕ, ಐದ. ಹತ್ತಲೇ ಇನ್ನ." ಹನ್ನೆರಡು ವರ್ಷ ಒಂದು ಸಲವೂ ಬಿಟ್ಟಿಲ್ಲ. ನಾನೇನು ಚಿಕ್ಕ ಹುಡುಗನಾ ಅಂತ ಸಿಟ್ಟು ಬರುತ್ತಿತ್ತು.

ಅವನ ಮಾತು ಕೇಳದೆ ಕೆಟ್ಟಿದ್ದು ಒಮ್ಮೆ. ಬಾದಾಮಿಯದು ಮರಳುಗಲ್ಲು, ಮಳೆ ನೀರು ಕುಡಿದರೆ ಮೆತ್ತಗಾಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಇವತ್ತು ಬೇಡ, ಬನಶಂಕರಿಗೆ ಹೋಗಿ ರೊಟ್ಟಿ ಮೊಸರು ತಿಂದು ಮನೆಗೆ ಹೋಗೋಣ ಅಂದ. ನಾನು ಹಟ ಮಾಡಿದೆ. ಹಗ್ಗ ಸಿಕ್ಕಿಸೋಕೆ ಅಂತ ಬಂಡೆಗೆ ಹೊಡೆದ ಎರಡನೇ ಬೋಲ್ಟ್ ದಾಟಿದ ಮೇಲೆ ಕೈಯಲ್ಲಿ ಹಿಡಿದ ಕಲ್ಲು ಬಿಸ್ಕತ್ತಿನ ಹಾಗೆ ಮುರಿಯಿತು. ನೆಲಕ್ಕೆ ಆಳೆತ್ತರ ಇದ್ದಾಗ ಹಗ್ಗ ಬಿಗಿಯಾಯಿತು. ಕೆಳಗೆ ನನ್ನ ಹಗ್ಗ ಹಿಡಿದು ನಿಂತಿದ್ದ ಅವನು ಆ ಎಳೆತಕ್ಕೆ ಬಂಡೆಗೆ ಬಡಿದು ಮೊಣಕೈ ಕೆತ್ತಿಸಿಕೊಂಡಿದ್ದ. ಬೈತಾನೆ ಅಂದುಕೊಂಡೆ. "ಈಗರ ರೊಟ್ಟಿ ತಿನ್ನೂಣೇನು?" ಅಂದ, ಅಷ್ಟೇ.

ಹೋದ ವರ್ಷ ರಾತ್ರಿ ಮಲಗಿದವನು ಏಳಲಿಲ್ಲ. ಹಾರ್ಟ್ ಅಟ್ಯಾಕ್. ಮಾತಾಡಿಸೋಕೆ ಬಂದವರೆಲ್ಲ ನನ್ನನ್ನು ಪಕ್ಕಕ್ಕೆ ಕರೆದು, ಗುಡ್ಡದಿಂದ ಬಿದ್ದನಾ ಅಂತ ಕೇಳೋರು. ಹಾಸಿಗೆಯಲ್ಲಿ ಹೋದ ಅಂದರೆ ನಂಬುತ್ತಲೇ ಇರಲಿಲ್ಲ. ನನಗೂ ನಂಬೋಕೆ ಆಗಿರಲಿಲ್ಲ ಬಿಡಿ.

ದಿನಕರ್ಮ ಮುಗಿದ ಮೇಲೆ ವೈನಿ, ಅಂದರೆ ಅವನ ಹೆಂಡತಿ, ಫೋನ್ ಮಾಡಿದರು. "ಇಷ್ಟುದ್ದ ಹಗ್ಗ ಐತಿ, ನೀವ ಒಯ್ರಿ. ಅವರ ನೆನಪಿಗೆ ಒಂದ ಸಲ ಹತ್ರಿ." ನಿಮಗೆ ಅನ್ನಿಸಿದ್ದೇ ನನಗೂ ಅನ್ನಿಸಿತು. ಹೋಗಿ ಹಗ್ಗ ಬಿಚ್ಚಿ, ಒಂದು ತುದಿಯಿಂದ ಬೆರಳ ನಡುವೆ ಎಳೆಯುತ್ತಾ ಬಂದೆ. ಅವನು ಹಾಗೇ ನೋಡುತ್ತಿದ್ದ. ಅಲ್ಲಲ್ಲಿ ಮಡಚಿ ನೋಡಬೇಕು, ಒಳಗಿನ ನೂಲು ಸರಿ ಇದ್ದರೆ ದುಂಡಗೆ ಬಾಗುತ್ತದೆ. ಒಂದು ಕಡೆ ಚಪ್ಪಟೆಯಾಗಿ ಮಡಚಿಕೊಂಡಿತು. ಮೇಲಿನ ನೇಯ್ಗೆಗೆ ಏನೂ ಆಗಿರಲಿಲ್ಲ. ಅಲ್ಲಿಗೆ ಆ ಹಗ್ಗ ಮುಗಿಯಿತು.

ನೈಲಾನ್ ಹಗ್ಗ ಸುಮ್ನೆ ಕಪಾಟಿನಲ್ಲಿ ಇಟ್ಟರೂ ಹಳೆಯದಾಗುತ್ತದೆ. ಹೆಚ್ಚೆಂದರೆ 10 ವರ್ಷ ಅಂತ ಹಗ್ಗ ಮಾಡುವವರೇ ಹೇಳುತ್ತಾರೆ. ಜಾಸ್ತಿ ಬಳಸಿದ್ದರೆ ಅದಕ್ಕೂ ಎಷ್ಟೋ ಮೊದಲು. ನಿಮ್ಮ ಗೆಳೆಯ ಅದನ್ನು ಯಾವಾಗ ಕೊಂಡ, ಎಷ್ಟು ಸಲ ಅದರ ಮೇಲೆ ಬಿದ್ದ ಅಂತ ನಿಮಗೆ ಪೂರ್ತಿ ಗೊತ್ತಾ? ಗೊತ್ತಿಲ್ಲದಿದ್ದರೆ ಹಾರ್ನೆಸ್ಸೂ ಬೇಡ. ಹಗ್ಗ ಸಿಕ್ಕಿಸುವ ಕೊಂಡಿ, ಅಂದರೆ ಕ್ಯಾರಬಿನರ್, ಲೋಹದ್ದು, ಸವೆದಿಲ್ಲ, ಸೀಳಿಲ್ಲ, ಬಾಯಿ ಸರಿಯಾಗಿ ಮುಚ್ಚುತ್ತದೆ ಅಂದರೆ ಇಟ್ಟುಕೊಳ್ಳಿ. ಅವನದೊಂದು ನನ್ನ ಸೊಂಟದಲ್ಲಿ ಇವತ್ತಿಗೂ ಇದೆ.

ಹಳೇ ಹಗ್ಗವನ್ನು ಅವನು ಹಾಗೇ ಬಿಸಾಡುತ್ತಿರಲಿಲ್ಲ, ಯಾರಾದರೂ ಎತ್ತಿಕೊಂಡು ಹತ್ತಿಬಿಟ್ಟಾರು ಅಂತ ತುಂಡು ಮಾಡುತ್ತಿದ್ದ. ನಾನೂ ಅವನ ಮನೆ ಕಟ್ಟೆಯ ಮೇಲೆ ಕೂತು ತುಂಡು ಮಾಡಿದೆ. ಒಂದು ತುಂಡು ಹಿತ್ತಲಲ್ಲಿ ಅರಿವೆ ಒಣಹಾಕೋಕೆ ಕಟ್ಟಿಕೊಟ್ಟೆ. ಕೈ ತಾನಾಗೇ ಎಂಟರ ಗಂಟು ಹಾಕಿತ್ತು. ವೈನಿ ಬಂದು ಜಗ್ಗಿ ನೋಡಿ, "ಅರಿವಿ ಹಾಕಾಕ ಇಷ್ಟ ದೊಡ್ಡ ಗಂಟ ಯಾಕ್ರಿ?" ಅಂದರು. ನಾನು ಎಣಿಸುತ್ತಿದ್ದೆ, ಉತ್ತರ ಕೊಡಲಿಲ್ಲ.